ಪೆಟ್ಟಿಗೆ ಆರಿಸಿದ ಕಿವಿ

ಕೊಲ್ಹಾಪುರದ ಮಿಸ್ತ್ರಿ ಪೆಟ್ಟಿಗೆಯ ಒಂದು ಮಗ್ಗುಲಿನ ಸ್ಕ್ರೂ ಬಿಚ್ಚಿ ಹಲಗೆ ಸರಿಸಿದಾಗ ನಾನು ದಂಗಾಗಿ ನಿಂತೆ. ಒಳಗೆ ಸ್ಪೀಕರು ನಮಗೆ ಬೆನ್ನು ತಿರುಗಿಸಿ ಕೂತಿತ್ತು. ಅದರ ಬಾಯಿಯ ಮುಂದೆ ಪ್ಲೈವುಡ್ಡಿನ ಗೋಡೆ, ಗೋಡೆ ಮುಗಿದಲ್ಲಿ ತಿರುವು, ತಿರುವಿನಾಚೆ ಇನ್ನೊಂದು ಗೋಡೆ. ಹೀಗೆ ಸುತ್ತಿ ಸುತ್ತಿ ಅಗಲವಾಗುತ್ತ ಬಂದ ದಾರಿ ಕೊನೆಗೆ ಪೆಟ್ಟಿಗೆಯ ಮುಂಬಾಯಿಗೆ ಸೇರುತ್ತಿತ್ತು. ಹಾಡುವವನನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿ ತಾವು ಪಡಸಾಲೆಯಲ್ಲಿ ಕೂತು ಹಾಡು ಕೇಳಿದ ಹಾಗೆ. "ಅಯ್ಯ ಶಿವನ, ಇದರ ಬಾಯಿ ಹಿಂದ ಐತಲ್ಲ!" ಎಂದೆ. ಮಿಸ್ತ್ರಿ ನಕ್ಕ. ನನ್ನ ಗಂಡ ಬೇರೆಲ್ಲೋ ನೋಡುತ್ತಿದ್ದುದರಿಂದ ನಾನೇನೆಂದೆ ಎಂದು ತಿಳಿಯದೆ ಸುಮ್ಮನೆ ತಲೆಯಾಡಿಸಿದರು.

ಇದು ಅರವತ್ತರ ದಶಕದ ನಡುವಿನ ಮಾತು. ಇಚಲಕರಂಜಿಯಲ್ಲಿ ನಮ್ಮದು ವಿದ್ಯುತ್ ಮಗ್ಗದ ಮನೆ. ಕೆಳಗೆ ಎಂಟು ಮಗ್ಗ, ಮೇಲೆ ಸಂಸಾರ. ಮದುವೆಯಾಗಿ ಗಡಹಿಂಗ್ಲಜದಿಂದ ಬಂದ ಮೊದಲ ದಿನ ಕಾಲ ಕೆಳಗಿನ ನೆಲ ನಡುಗುವುದನ್ನು ಕಂಡು ಹೆದರಿ ಅತ್ತಿದ್ದೆ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಮಗ್ಗ ನಿಂತರೇ ನನಗೆ ಕಳವಳ. ಅಡಿಗೆ ಮುಗಿಸಿ ಕೆಳಗಿಳಿದು, ಮಗ್ಗಗಳ ನಡುವೆ ಕೂತು ಲಾಳಿಯೊಳಗಿಡುವ ಕಾಂಡಿಗೆ ನೂಲು ಸುತ್ತುವುದು ನನ್ನ ದಿನದ ಕೆಲಸ. ಅಲ್ಲಿ ಯಾರೂ ಮಾತಾಡುವುದಿಲ್ಲ, ತುಟಿ ಆಡಿಸುತ್ತಾರೆ. ನೂಲು ಹರಿದಿದೆ, ಊಟಕ್ಕೆ ಬಾ, ಕೊರೋಚಿಯಿಂದ ಭಾವ ಬಂದಿದ್ದಾರೆ, ಎಲ್ಲವೂ ತುಟಿ, ಕಣ್ಣು, ಬೆರಳಿನಲ್ಲೇ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಕಲಿತೆ ಎನ್ನುವುದೂ ನನಗೆ ಗೊತ್ತಾಗಲಿಲ್ಲ.

ನನ್ನ ಕಿವಿಯ ಬಗ್ಗೆ ಮಾತ್ರ ನನಗೆ ಭಾರಿ ಜಂಬ. ನನ್ನ ಅಪ್ಪ ಗಡಹಿಂಗ್ಲಜದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು, ಶ್ರಾವಣ ಬಂದರೆ ತಿಂಗಳಿಡೀ ಸಂಜೆ ಮಠದಲ್ಲಿ ಶರಣರ ಪುರಾಣ ಹೇಳುತ್ತಿದ್ದವನು. ಪದ್ಯ ಹಾಡುವವನೂ ಅವನೇ, ಅರ್ಥ ಬಿಡಿಸುವವನೂ ಅವನೇ. ನಾನು ಆ ದನಿ ಕೇಳುತ್ತ ಬೆಳೆದ ಕೂಸು. ಗಂಡನ ಮನೆಯವರು ಯಾವುದಾದರೂ ಹಾಡಿಗೆ ತಲೆದೂಗಿದರೆ ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು ಎಂದು ಒಳಗೊಳಗೇ ನಗುತ್ತಿದ್ದೆ. ಅತ್ತೆಯನ್ನು ಎರಡು ಸಲ ಕೂಗಬೇಕಿತ್ತು, ಗಂಡನನ್ನು ಮೂರು ಸಲ. ತವರಿಗೆ ಹೋದಾಗ ಮಗ್ಗದವರ ಕಿವಿಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಹಾಗೆ ಹೋದಾಗಲೆಲ್ಲ ಒಂದು ಸಂಗತಿ ನನ್ನನ್ನು ಚುಚ್ಚತೊಡಗಿತು. ಅಪ್ಪನ ದನಿ ಸೊರಗುತ್ತಿತ್ತು. ಒಂದು ವರ್ಷ ತುಸು ಸಣ್ಣಗಾಗಿತ್ತು. ಮರುವರ್ಷ ಅಂಗಡಿಯ ಗಲ್ಲೆಯ ಮೇಲೆ ಕೂತು ಅವನು ಆಡಿದ ಮಾತು ಅಟ್ಟದ ಮೇಲಿಂದ ಯಾರೋ ಗೊಣಗಿದ ಹಾಗೆ ಕೇಳಿಸಿತು. ಯುಗಾದಿಗೆ ಹೋದಾಗಂತೂ ಅರ್ಧ ಮಾತು ಗಾಳಿಗೇ ಹೋಗಿತ್ತು. "ಅಪ್ಪಾ, ನಿನ್ನ ದನಿಗೆ ಏನಾಗೇತಿ?" ಎಂದು ಕೇಳಿದರೆ ಅಪ್ಪ ನಗುತ್ತ ಕೈಯಾಡಿಸಿಬಿಟ್ಟ. ಮುಪ್ಪು ಬಂತೆಂದು ಒಪ್ಪಿಕೊಳ್ಳುವ ಗಂಡಸು ಎಲ್ಲಿದ್ದಾನೆ? ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ.

ಸುಮ್ಮನಿರುವ ಸ್ವಭಾವ ನನ್ನದಲ್ಲ. ನೆಟ್ಟಗೆ ಮಠದ ಹಿರಿಯರ ಮನೆಗೆ ಹೋದೆ. "ಅಪ್ಪನ ದನಿ ಭಾಳ ಸಣ್ಣಾಗೇತ್ರಿ. ಪುರಾಣದಾಗ ಹಿಂದ ಕುಂತವರಿಗೆ ಏನೂ ಕೇಳಸೂದಿಲ್ಲ. ಏನರ ವ್ಯವಸ್ಥಾ ಮಾಡ್ರಿ" ಎಂದೆ.

ಹಿರಿಯರು ಕಣ್ಣರಳಿಸಿದರು. "ಹೌದೇನವಾ? ನಮಗ ಹಂಗೇನೂ ಅನಿಸಿಲ್ಲ ನೋಡು."

"ನೀವು ಮುಂದ ಕುಂದರತೀರಿ. ನಿಮಗ ಹೆಂಗ ಗೊತ್ತಾಗಬೇಕ್ರಿ?"

ಎರಡು ತಿಂಗಳ ಮೇಲೆ ಚಿಗವ್ವನ ಪತ್ರ ಬಂತು. ಅಪ್ಪನ ತಮ್ಮನ ಹೆಂಡತಿ, ಅವ್ವ ತೀರಿಕೊಂಡ ಮೇಲೆ ಆ ಮನೆ ನಡೆಸುತ್ತಿದ್ದವಳು. ಮಠದವರು ಈ ಶ್ರಾವಣ ನೋಡುತ್ತಾರಂತೆ. ದನಿ ಹಿಂದಿನ ಸಾಲಿಗೆ ಮುಟ್ಟದಿದ್ದರೆ ಬರುವ ವರ್ಷ ಹುಕ್ಕೇರಿ ಕಡೆಯಿಂದ ಬೇರೆಯವರನ್ನು ಕರೆಸುತ್ತಾರಂತೆ. ಆ ಪತ್ರವನ್ನು ಎರಡು ಸಲ ಓದಿದೆ. ಅವ್ವ ಹೋದ ಮೇಲೆ ಅಪ್ಪ ವರ್ಷವಿಡೀ ಬದುಕುತ್ತಿದ್ದುದೇ ಆ ಒಂದು ತಿಂಗಳಿಗಾಗಿ. ಆ ಗದ್ದುಗೆ ಕಿತ್ತುಕೊಂಡರೆ ಮನುಷ್ಯ ಉಳಿಯುವುದಿಲ್ಲ. ವ್ಯವಸ್ಥೆ ಮಾಡಿ ಎಂದರೆ ಆಳನ್ನೇ ಬದಲಿಸಲು ಹೊರಟ ಆ ಹಿರಿಯರನ್ನು ಇಡೀ ದಿನ ಬೈದೆ.

ಅವರು ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಮಠದಲ್ಲಿ ಒಂದು ಹಳೆಯ ಭೋಂಗಾ ಇತ್ತು, ತಗಡಿನ ಕಹಳೆಯಂಥ ಸ್ಪೀಕರು. ಅದರಲ್ಲಿ ಯಾರು ಮಾತಾಡಿದರೂ ತಗಡೇ ಮಾತಾಡಿದ ಹಾಗೆ. ನನಗೆ ಬೇಕಾದದ್ದು ಅಪ್ಪನ ದನಿಗೆ ಮೈ ತುಂಬುವಂಥದ್ದು. ಶ್ರಾವಣ ಮುಗಿದ ಮೇಲೆ ನಮ್ಮ ಓಣಿಯ ಗಣಪತಿಗೂ ಆಗುತ್ತದೆಂದು ಗಂಡ ಒಪ್ಪಿದರು. ಒಪ್ಪಿ ಒಂದು ಮಾತು ಹೇಳಿದರು: "ಆರಸೂದು ನಿನ್ನ ಕೆಲಸ. ಕಿವಿ ಇರೂದು ನಿನಗ." ಆ ಮಾತು ಕೇಳಿ ನಾನು ಉಬ್ಬಿದ್ದೆ.

ಮಿಸ್ತ್ರಿ ಕೊಲ್ಹಾಪುರದ ಸಿನಿಮಾ ಥೇಟರುಗಳ ಸ್ಪೀಕರು ರಿಪೇರಿ ಮಾಡುತ್ತಿದ್ದವನು. ಹಳೆಯ ವಾಡೆಯೊಂದರ ಹಿಂಭಾಗದಲ್ಲಿ ಅವನ ಕಾರ್ಖಾನೆ. ಆಯ್ಕೆಗೆ ಮೂರು ಬಗೆಯ ಪೆಟ್ಟಿಗೆ, ಅವುಗಳ ಪಕ್ಕದಲ್ಲಿ ಪೆಟ್ಟಿಗೆಯಿಲ್ಲದ ಒಂದು ಸಣ್ಣ ಹಾರ್ನ್ ಇದ್ದವು. ಒಂದು ಸಾದಾ ಪೆಟ್ಟಿಗೆ, ಮುಂದೆ ದುಂಡನೆಯ ತೂತು, ಅದರಲ್ಲಿ ಸ್ಪೀಕರು. ಇನ್ನೊಂದು ಯಾವುದೋ ಥೇಟರಿನ ಪರದೆಯ ಹಿಂದಿನಿಂದ ಕಿತ್ತು ತಂದದ್ದು. ಕಪಾಟಿನಷ್ಟು ಎತ್ತರ, ಮಠದ ಬಾಗಿಲಲ್ಲಿ ಹಿಡಿಸುವ ಮಾತೇ ಇಲ್ಲ. ಮೂರನೆಯದು ಈ ಬೆನ್ನು ತಿರುಗಿಸಿದ ಸ್ಪೀಕರಿನ ಜೋಡಿ. ಅವನು ಅದನ್ನು ಫೋಲ್ಡೆಡ್ ಹಾರ್ನ್ ಎನ್ನುತ್ತಿದ್ದ, ನಾನು ಸುರುಳಿ ಪೆಟ್ಟಿಗೆ ಎಂದೆ. ಆಳೆತ್ತರದ ಕೊಂಬನ್ನು ಮಡಿಚಿ ಪೆಟ್ಟಿಗೆಯೊಳಗೆ ಕೂಡಿಸಿದ್ದು, ಸಣ್ಣ ಆಂಪ್ಲಿಫೈಯರು ಹಚ್ಚಿದರೂ ಗುಡುಗುತ್ತದೆ ಎಂದು ವಿವರಿಸಿದ. ವಿವರಿಸಿ ಅವನೇ ಬೇಡವೆಂದ.

"ವಹಿನಿ, ಹೆ ಬೋಲಾಯ್ಲಾ ನಾಹೀ, ಹೆ ಢೋಲಾಲಾ" ಎಂದು ಮರಾಠಿಯಲ್ಲಿ ಶುರು ಮಾಡಿದ. ಇದು ಮಾತಿಗಲ್ಲ ಅತ್ತಿಗೆ, ಢೋಲಿಗೆ ಎಂದು. ಆಮೇಲೆ ತನಗೆ ಬರುವ ಕನ್ನಡಕ್ಕೆ ಹೊರಳಿದ. "ಇಷ್ಟು ತಿರುವು ತಿರುಗಿ ಬರೂದ್ರಾಗ ದಪ್ಪ ದನಿ ಉಳೀತೈತ್ರಿ, ಸಣ್ಣ ದನಿ ಒಳಗ ಸತ್ತಹೋಗತೈತಿ. ಪುರಾಣಕ್ಕ ಅಕ್ಷರ ಬೇಕು. ಅಕ್ಷರಕ್ಕ ಈ ಸಣ್ಣ ಹಾರ್ನ್ ಸಾಕು ನೋಡ್ರಿ."

"ಹಚ್ಚಿ ತೋರಸ್ರಿ, ನೋಡೂಣು" ಎಂದೆ.

ಅವನು ಮೊದಲು ಆ ಸಣ್ಣ ಹಾರ್ನಿಗೆ ತಂತಿ ಸಿಗಿಸಿ ಮೈಕನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡಿದ. ನಾನು ಕಾದೆ. ಏನೋ ಸವರಿದಂಥ ಸಪ್ಪಳ, ಅಷ್ಟೇ. "ಇದು ಕೆಟ್ಟೈತಿ" ಎಂದುಬಿಟ್ಟೆ. ಮಿಸ್ತ್ರಿ ಬೆಚ್ಚಿ ಹಾರ್ನನ್ನು ನೋಡಿದ, ನನ್ನನ್ನು ನೋಡಿದ. "ಕೆಟ್ಟೈತಿ? ನನಗ ಕಿವ್ಯಾಗ ಚುಚ್ಚಾಕತ್ತೈತಲ್ರಿ ವಹಿನಿ!" ಅವನು ಸಹಾಯಕ್ಕೆಂದು ನನ್ನ ಗಂಡನ ಕಡೆ ತಿರುಗಿದ. "ಹೌದು, ಕೆಟ್ಟೈತಿ" ಎಂದರು ಅವರೂ. ಕೆಟ್ಟ ಮಾಲು ದಾಟಿಸಲು ನೋಡುತ್ತಿದ್ದಾನೆ, ನಾನಿರಲಾಗಿ ಬಚಾವಾದೆವು ಎಂದು ನನಗೆ ಹೆಮ್ಮೆ.

ಆಮೇಲೆ ಸುರುಳಿ ಪೆಟ್ಟಿಗೆ. ಮಿಸ್ತ್ರಿ ನನ್ನೆದುರೇ ನಿಂತು ಮೈಕು ಎದೆಯ ಹತ್ತಿರ ಹಿಡಿದು ಊರಿನ ಹೆಸರು, ವಾರದ ಹೆಸರು, ದೇವರ ಹೆಸರು ಹೇಳುತ್ತ ಹೋದ. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಪ್ಲೈವುಡ್ಡು ಜೀವ ಇದ್ದ ಹಾಗೆ ನಡುಗಿತು, ದನಿ ಎದೆಗೇ ಬಂದು ಬಡಿಯಿತು. ಮಗ್ಗದ ಮನೆಯಲ್ಲಿ ನಾವು ಒಳ್ಳೆಯದು ಕೆಟ್ಟದ್ದು ಗೊತ್ತುಮಾಡುವುದು ಹೀಗೆಯೇ. ಮಗ್ಗ ಹದವಾಗಿ ಓಡುತ್ತಿದೆಯೋ ಇಲ್ಲವೋ ಎಂದು ಕಾಲೇ ಹೇಳುತ್ತದೆ. ಮಿಸ್ತ್ರಿ ಹೇಳಿದ್ದು ಒಂದೊಂದು ಅಕ್ಷರವೂ ನನಗೆ ತಿಳಿಯಿತು. ಅಷ್ಟನ್ನೂ ತಿರುಗಿ ಹೇಳಿ ತೋರಿಸಿದೆ. ಅವನು ಮೂರು ಸಲ "ಖರೇನ?" ಎಂದು ಕೇಳಿದ, ಕೊನೆಗೆ ಹೆಗಲು ಕುಣಿಸಿ ಹಲಗೆಗೆ ಸ್ಕ್ರೂ ಹಾಕಿದ. ಗಿರಾಕಿಯ ಕೂಡ ಎಷ್ಟು ಹೊತ್ತು ವಾದ ಮಾಡುತ್ತಾನೆ?

ಬೆಲ್ಲದ ಟ್ರಕ್ಕಿನಲ್ಲಿ ತಾಡಪತ್ರಿ ಹೊದಿಸಿ, ನಿಪ್ಪಾಣಿ, ಸಂಕೇಶ್ವರ ದಾಟಿಸಿ, ಜಿಟಿಜಿಟಿ ಮಳೆಯಲ್ಲಿ ಪೆಟ್ಟಿಗೆಗಳನ್ನು ಗಡಹಿಂಗ್ಲಜಕ್ಕೆ ತಂದೆವು. ಒಂದೊಂದನ್ನು ಇಳಿಸಲು ನಾಲ್ಕು ಜನ. ಅಪ್ಪ ಬಂದು ಎರಡನ್ನೂ ಸುತ್ತುಹಾಕಿ, ಅಂಗಡಿಯ ಚೀಲ ತಟ್ಟಿದ ಹಾಗೆ ತಟ್ಟಿ ಏನೋ ಅಂದ. ಚಿಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನಿಗೆ ಖುಷಿಯಾಗಿದೆ ಎಂದು ನಾನೂ ನಕ್ಕೆ.

ಶ್ರಾವಣದ ಮೊದಲ ಸಂಜೆ ಮಠ ತುಂಬಿತ್ತು. ಹೆಂಗಸರ ಸಾಲು ಎಡಗಡೆ, ಕಂಬಗಳ ಹಿಂದೆ. ನಾನು ಚಿಗವ್ವನ ಪಕ್ಕ ಕೂತೆ. ಗಂಡ ಆಂಪ್ಲಿಫೈಯರಿನ ಮುಂದೆ, ನನ್ನ ಕೈಸನ್ನೆ ಕಾಣುವ ಹಾಗೆ. ಅಪ್ಪ ಮೊದಲ ಪದ್ಯ ಎತ್ತಿದ. ತೊಲೆಯ ಮೇಲಿನ ಧೂಳು ಉದುರಿತು, ತೂಗುದೀಪ ಅಲುಗಿತು, ನನ್ನ ಪಕ್ಕೆಲುಬಿನೊಳಗೆ ಅಪ್ಪನ ದನಿ ಬಡಿಯಿತು. ಕಣ್ಣಲ್ಲಿ ನೀರು ಬಂತು. ನಾನು ಮದುವೆಯಾಗಿ ಹೊರಟಾಗಿನ ಅಪ್ಪ ಮರಳಿ ಬಂದ ಎಂದುಕೊಂಡೆ. ಅರ್ಥ ತಿಳಿಯಲಿಲ್ಲ ನಿಜ, ಮಳೆಯ ಸಪ್ಪಳ ಇರಬೇಕು ಎಂದು ಗಂಡನಿಗೆ ಬೆರಳೆತ್ತಿ ತೋರಿಸಿದೆ: ಇನ್ನೂ ಏರಿಸಿ.

ಅವರು ಏರಿಸಿದರು. ಮಕ್ಕಳು ಕಿವಿ ಮುಚ್ಚಿಕೊಂಡವು. ಮುದುಕಿಯೊಬ್ಬಳು ಮುಖ ಹಿಂಡಿದಳು. ಮುಂದೆ ಕೂತವಳು ನನ್ನ ಕಡೆ ತಿರುಗಿದಳು, ಅವಳ ತುಟಿ ಸ್ಪಷ್ಟವಾಗಿ ಕಂಡಿತು: "ಏನ ಹೇಳಾಕತ್ತಾನವಾ? ಬರೇ ಗುಂ ಗುಂ, ಒಂದಕ್ಷರ ತಿಳಿವಲ್ದು." ನನಗೆ ಸಿಟ್ಟು ಬಂತು. ಪುಕ್ಕಟೆ ಪುರಾಣ, ಪುಕ್ಕಟೆ ಸ್ಪೀಕರು, ಮೇಲೆ ಇವರ ದೂರು! ಮತ್ತೆ ಬೆರಳೆತ್ತಿದೆ. ಗಂಡ ಮತ್ತೆ ಏರಿಸಿದರು. ಗಂಡಸರ ಸಾಲಿನಲ್ಲಿ ನಾಲ್ಕಾರು ಜನ ಎದ್ದು ನಿಂತರು.

ಅಪ್ಪ ಕೈಯೆತ್ತಿ ಎಲ್ಲರನ್ನೂ ಕೂರಿಸಿದ. ನನ್ನ ಗಂಡನಿಗೆ ಸನ್ನೆ ಮಾಡಿದ: ಬಂದ್ ಮಾಡು. ಮೈಕನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ. ಇನ್ನು ಮುಗಿಯಿತು, ಬರೀ ದನಿಯಲ್ಲಿ ಈ ಮನುಷ್ಯ ಹೇಗೆ ಹೇಳುತ್ತಾನೆ, ಗದ್ದುಗೆ ಇವತ್ತೇ ಹೋಯಿತು ಎಂದುಕೊಂಡೆ. ಅಪ್ಪ ಏನೋ ಹೇಳತೊಡಗಿದ. ನನಗೆ ಕೇಳಿಸಿದ್ದು ದೂರದ ಗುನುಗು.

ಇಡೀ ಮಠ ಗೊಳ್ಳೆಂದು ನಕ್ಕಿತು.

ಚಿಗವ್ವ ನಕ್ಕಳು. ಮುದುಕಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಒದ್ದೆ ಕೊಡೆ ಹಿಡಿದು ನಿಂತವನೊಬ್ಬ ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ಅಪ್ಪನಿಂದ ನನಗಿಂತ ಮೂರು ಪಟ್ಟು ದೂರ ಇದ್ದ. ನಾನು ಅವನನ್ನೇ ನೋಡುತ್ತ ಗರಬಡಿದವಳಂತೆ ಕೂತೆ. ದನಿ ಅಲ್ಲಿಗೆ ಮುಟ್ಟಿದೆ. ನನಗೆ ಮುಟ್ಟಿಲ್ಲ.

ಚಿಗವ್ವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ "ಏನಂದ?" ಎಂದು ಕೇಳಿದೆ. "ಮಗಳು ಮಠದಾಗ ಎರಡು ಆನಿ ತಂದು ಕಟ್ಯಾಳ, ಮೇವು ಎಲ್ಲಿಂದ ತರಲಿ ಅಂದ. ಯಾಕ, ನಿನಗ ಕೇಳಸಲಿಲ್ಲೇನು?"

ನಾನು ಎದ್ದು ಕಂಬ ದಾಟಿ ಮುಂದೆ ಹೋದೆ. ಅಪ್ಪನ ಬಾಯಿ ನೋಡಬೇಕಿತ್ತು. ಬಾಯಿ ಎಲ್ಲಿದೆ? ಎರಡೂ ತುಟಿ ಮುಚ್ಚಿ ಇಳಿದ ಬಿಳಿ ಪೊದೆ ಮೀಸೆ. ಮಿಸ್ತ್ರಿ ಮೀಸೆ ಬೋಳಿಸಿಕೊಂಡವನು. ಗಂಡನದು ಪೆನ್ಸಿಲಿನ ಗೆರೆ. ಮಠದ ಹಿರಿಯರ ಮುಖವೂ ನುಣ್ಣಗಿತ್ತು. ಚಿಗವ್ವನ ಮಾತಂತೂ ಬಿಡಿ. ಲೋಕದವರೆಲ್ಲರ ದನಿ ನೆಟ್ಟಗಿದ್ದು ಅಪ್ಪನೊಬ್ಬನ ದನಿಯೇ ವರ್ಷ ವರ್ಷ ಸೊರಗಿದ್ದೇಕೆ ಎಂದು ಆ ಒಂದು ನಿಮಿಷದಲ್ಲಿ ತಿಳಿಯಿತು. ನನ್ನ ಕಿವಿ ಯಾವ ಕಾಲಕ್ಕೋ ಹೋಗಿತ್ತು. ಎಲ್ಲರ ಮಾತನ್ನೂ ನಾನು ಕಣ್ಣಿನಿಂದ ತಿಳಿಯುತ್ತಿದ್ದೆ. ಅಪ್ಪನದು ಮಾತ್ರ ಕಾಣುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲದ ಮೇಲೆ ದೂರು ಕೊಟ್ಟು ಬಂದವಳು.

ಆ ದಿನದ ಪುರಾಣ ಮುಗಿದ ಮೇಲೆ ಹಿರಿಯರು ಬಂದು ನನ್ನೆದುರು ಕೈಮುಗಿದರು. "ನೀ ಹೇಳಿದಿ ಅಂತ ನಾವು ಹಂಗ ಮಾತಾಡಿದ್ವಿ ತಂಗಿ. ಅಪ್ಪನ ದನಿ ಕಂಚಿನಂಗ ಐತಿ. ಮುಂದೂ ಅವರ ಹೇಳ್ತಾರ." ನಾನು ಕೇಳಬೇಕೆಂದು ಬಂದ ಮಾತು ಅದೇ. ಕೇಳಿ ನಾಚಿಕೆಯಿಂದ ಸತ್ತೆ. ಅಪ್ಪನ ಗದ್ದುಗೆಗೆ ಕೊಡಲಿ ಹಾಕಿದ್ದು ಮುಪ್ಪಲ್ಲ, ಹುಕ್ಕೇರಿಯವರಲ್ಲ, ನಾನು. ಗಂಡ ತಂತಿ ಸುತ್ತುತ್ತಿದ್ದರು. "ನನಗ ಸರಿಯಾಗಿ ಕೇಳಸೂದಿಲ್ಲಂತ ನನಗ ಗೊತ್ತಿತ್ತು. ಅದಕ್ಕ ನಿನ್ನ ಕರಕೊಂಡು ಹೋಗಿದ್ದೆ" ಎಂದರು.

ಆ ಪೆಟ್ಟಿಗೆಗಳು ಭಾದ್ರಪದದಲ್ಲಿ ನಮ್ಮ ಓಣಿಯ ಗಣಪತಿಯ ಮುಂದೆ ಕೂತವು. ಇಚಲಕರಂಜಿಯಲ್ಲಿ ಒಬ್ಬನೂ ದೂರಲಿಲ್ಲ. ಏನು ದನಿ, ಏನು ದನಿ ಎಂದು ಎದೆ ಮುಟ್ಟಿಕೊಂಡು ಹೊಗಳಿದರು. ನಾನು ಅವರೆಲ್ಲರ ಕಿವಿಗಳನ್ನೇ ನೋಡುತ್ತ ನಿಂತೆ. ಆದರೆ ಅದು ಆಮೇಲಿನ ಮಾತು.

ಆ ಮೊದಲ ಸಂಜೆಯ ಮರುದಿನ ಬೆಳಿಗ್ಗೆ ನಾನು ಹಿತ್ತಲ ಕಟ್ಟೆಯ ಮೇಲೆ ಆಜರಾ ಅಕ್ಕಿ ಆರಿಸುತ್ತ ಕೂತಿದ್ದೆ. ಯಾರೋ ಹೆಗಲು ಮುಟ್ಟಿದರು. ಬೆಚ್ಚಿ ತಿರುಗಿದರೆ ಅಪ್ಪ. ಅವನ ಹಿಂದೆ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ನನ್ನ ಬೆನ್ನ ಹಿಂದೆ ನಿಂತು ನಾಲ್ಕು ಸಲ ಕರೆದನಂತೆ. ನಾಲ್ಕನೆಯ ಸಲ ಓಣಿಗೆ ಕೇಳಿಸುವ ಹಾಗೆ. ನಾನು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ ಇದ್ದೆನಂತೆ.

"ಅಪ್ಪಾ, ನಿನ್ನ ದನಿ ಹೋಗೇತಿ ಅಂತ ನಾನ ಊರ ತುಂಬ ಹೇಳಿದೆ" ಎಂದೆ. ಅಳು ಬಂತು. ಅವನು ಏನೋ ಹೇಳಿದ. ನಾನು ಅವನ ಮುಖವನ್ನೇ ನೋಡಿದೆ, ಮೀಸೆ ಅಲುಗಿತು, ಅಷ್ಟೇ. ಮತ್ತೆ ಹೇಳಿದ. ತಿಳಿಯಲಿಲ್ಲ ಎಂದು ನಾನು ತಲೆಯಾಡಿಸಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸಿಟ್ಟಾದ, ಆಗಬೇಕಾದದ್ದೇ ಎಂದುಕೊಂಡೆ.

ಒಂದು ತಾಸಿಗೆ ಬಂದ. ಚಿಗವ್ವನ ಕೈಯಿಂದ ತಂಬಿಗೆ ಬಿತ್ತು. ಅಪ್ಪನ ಮುಖದ ಮೇಲೆ ಮೀಸೆ ಇರಲಿಲ್ಲ. ನಲವತ್ತು ವರ್ಷ ಬಿಸಿಲು ಕಾಣದ ಮೇಲ್ದುಟಿ ಮಗುವಿನದರ ಹಾಗೆ ಬೆಳ್ಳಗಿತ್ತು. ನಮ್ಮವರಲ್ಲಿ ಸಾವಿಗೆ ಮೀಸೆ ತೆಗೆಸುವ ಕಟ್ಟಳೆ ಇಲ್ಲ. ಆದರೂ ಆ ಸೀಮೆಯಲ್ಲಿ ಮೀಸೆ ಇದ್ದ ಗಂಡಸು ಒಮ್ಮೆಲೇ ಅದನ್ನು ತೆಗೆಸಿದ್ದು ಕಂಡರೆ ಯಾರೇ ಆಗಲಿ ಮೊದಲು ಕೇಳುವುದು, ಮನೆಯಲ್ಲಿ ಯಾರು ಹೋದರು ಎಂದು. ಆ ದಿನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಉಪ್ಪು ಬೆಲ್ಲ ಮರೆತು ಅದನ್ನೇ ಕೇಳಿದರಂತೆ.

ಸಂಜೆ ಅಪ್ಪ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಹೆಂಗಸರ ಸಾಲು ದಾಟಿಸಿ ಗದ್ದುಗೆಯ ಎದುರಿಗೇ ಕೂರಿಸಿದ. ಯಾವ ಹೆಣ್ಣೂ ಕೂರದ ಜಾಗ ಅದು. ಮಠದಲ್ಲಿ ಗುಜುಗುಜು ಎದ್ದದ್ದು ಮುಖಗಳ ಮೇಲೇ ಕಾಣುತ್ತಿತ್ತು. ಹಿರಿಯರು ಎದ್ದರು, ಅಪ್ಪನ ಮುಖ ನೋಡಿ ಗಾಬರಿಯಾಗಿ "ಯಾರು ಹೋದರ್ರಿ?" ಎಂದರು.

ಅಪ್ಪ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, ನಿಧಾನವಾಗಿ, ತುಟಿ ಬಿಡಿಸಿ ಹೇಳಿದ: "ಯಾರೂ ಹೋಗಿಲ್ರಿ. ನನ್ನ ಮಗಳು ಪುರಾಣ ಕೇಳಾಕ ಬಂದಾಳ. ಆಕೀಗೆ ನನ್ನ ಬಾಯಿ ಕಾಣಬೇಕಾಗಿತ್ತು."

ಇಡೀ ಮಠ ನನ್ನ ಕಡೆ ತಿರುಗಿತು. ಅಳು ಒತ್ತಿ ಬರುತ್ತಿತ್ತು. ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡರೆ ಅಪ್ಪನ ಮುಂದಿನ ಮಾತು ತಪ್ಪಿಹೋಗುತ್ತಿತ್ತು.